ಮಣ್ಣು ಮುಟ್ಟದ ಮೆಟ್ಟು

ಯಾರನ್ನು ನೋಡಿದರೂ ಮನಸ್ಸಿನಲ್ಲೇ ಒಂದು ಬೆಲೆ ಕಟ್ಟಿಬಿಡುವುದು ನಮ್ಮ ಕಸುಬಿನವರ ಚಾಳಿ. ಹುಣಸೂರಿನಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಬೆಟ್ಟದಪುರದ ದೊಡ್ಡತಾಯಮ್ಮನನ್ನು ಮೊದಲ ಸಲ ಕಂಡಾಗ ನಾನು ಹಾಕಿದ ಅಂದಾಜು ಹೀಗಿತ್ತು: ಎತ್ತರ ಸಾಲದು, ಅಗಲ ಧಾರಾಳ. ತೋಳು ಒನಕೆಯಂಥವು, ಇನ್ನೂ ಸವೆದಿಲ್ಲ. ಮುಂದಿನ ಹಲ್ಲು ಖೋತಾ, ಉಳಿದವಕ್ಕೆ ಎಲೆಅಡಿಕೆಯ ಪಾಲಿಶ್ ಆಗಿದೆ. ಗಂಟಲು ಮಾತ್ರ ಹೊಚ್ಚ ಹೊಸದು. ಆಕೆ ಬಾಯಿ ತೆರೆದ ಕಡೆ ನನ್ನ ಮೈಕ್ ಸೆಟ್ಟಿಗೆ ಗಿರಾಕಿ ಹುಟ್ಟುವುದಿಲ್ಲ. ಒಟ್ಟಿನಲ್ಲಿ ಗಟ್ಟಿ ಮಾಲು, ಚೌಕಾಸಿಗೆ ಬಗ್ಗದ ಮಾಲು.

ನಾನು ತೂಗುತ್ತಿದ್ದ ಹೊತ್ತಿನಲ್ಲೇ ಆಕೆಯೂ ನನ್ನನ್ನು ತಕ್ಕಡಿಗೆ ಹಾಕಿದ್ದಳು ಎಂಬುದು ಒಂದು ನಾಟಕದ ದಿನ ಗೊತ್ತಾಯಿತು. ಜನರ ಬೆನ್ನ ಹಿಂದೆ, ಶಾಮಿಯಾನದ ಗೂಟಕ್ಕೆ ಒರಗಿ ನಿಂತಿದ್ದೆ. ಆಕೆ ಹತ್ತಿರ ಬಂದು ಅಂದಳು:

"ಸಾವ್ಕಾರ್ರೆ, ನೀವು ಆಟ ನೋಡಾಕೆ ಬರಾಕಿಲ್ಲ ಕಣ್ರೀ. ಕುರ್ಚಿ ನೋಡಾಕೆ ಬತ್ತೀರಿ."

ಸುಳ್ಳೇನಲ್ಲ. ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ನಿಲ್ಲಿಸಿ ತೂಗಾಡುವವರು ಪ್ರತಿ ಊರಿನಲ್ಲೂ ಇರುತ್ತಾರೆ. ರಂಗದ ಮೇಲೆ ಯಾರು ಸತ್ತರು ಯಾರು ಗೆದ್ದರು ನನಗೆ ತಿಳಿಯದು. ನನ್ನ ಕಣ್ಣು ಆ ಕಾಲುಗಳ ಮೇಲಿರುತ್ತಿತ್ತು.

ದೊಡ್ಡತಾಯಮ್ಮನ ಕಸುಬು ರಂಗದ ಹಲಗೆ. ನಮ್ಮ ಕಡೆ ಬೇಸಿಗೆ ಬಂತೆಂದರೆ ಊರೂರಲ್ಲಿ ಪೌರಾಣಿಕ ನಾಟಕ. ಹೊಗೆಸೊಪ್ಪು ಬೆಳೆಯುವವರು, ಅಂಗಡಿಯವರು, ಗ್ರಾಮ ಪಂಚಾಯ್ತಿ ಮೆಂಬರುಗಳು ಹಾರ್ಮೋನಿಯಂ ಮೇಷ್ಟ್ರ ಕೈಲಿ ತಿಂಗಳುಗಟ್ಟಲೆ ಬೈಸಿಕೊಂಡು ಕಲಿತು, ಒಂದು ರಾತ್ರಿ ರಾಜರಾಗುತ್ತಾರೆ. ಅವರು ನಿಲ್ಲಲು ರಂಗ ಬೇಕಲ್ಲ. ಗೂಟ ನೆಟ್ಟು, ಅಡ್ಡತೊಲೆ ಇಟ್ಟು, ಮೇಲೆ ಹಲಗೆ ಜೋಡಿಸಿ, ಸಂದಿಗೆ ಬೆಣೆ ಬಡಿದು ಬಿಗಿ ಮಾಡುವುದು ಆಕೆಯ ಕೆಲಸ. ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಗಂಡ ಕುಳ್ಳಯ್ಯ ಹುಣಸೂರಿನ ಹಳೇ ಬಂಗಲೆಯೊಂದರ ಮಹಡಿ ಕೆಡವಿದಾಗ ಕೊಂಡ ತೇಗದ ಹಲಗೆಗಳು ಅವು. ಅವನು ತೀರಿಕೊಂಡಾಗ, ಹೆಂಗಸು ಇದನ್ನೆಲ್ಲ ಎಲ್ಲಿ ನಡೆಸುತ್ತಾಳೆ, ಮಾರುತ್ತಾಳೆ ಎಂದುಕೊಂಡು ಕೊಳ್ಳಲು ಹೋದವರಲ್ಲಿ ನಾನೂ ಒಬ್ಬ. ಟೀ ಕೊಟ್ಟು ಕಳಿಸಿದಳು. ಟೀ ಚೆನ್ನಾಗಿತ್ತು.

ಆಕೆಯ ರಂಗಕ್ಕೆ ಒಂದೇ ಕಟ್ಟಳೆ. ಹಲಗೆ ಕೂತ ಮೇಲೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಹಚ್ಚುತ್ತಾಳೆ. ಅಲ್ಲಿಂದಾಚೆ ಮೆಟ್ಟು ಹಾಕಿಕೊಂಡು ಯಾರೂ ಹತ್ತುವಂತಿಲ್ಲ. ಒಮ್ಮೆ ನಾಟಕ ಉದ್ಘಾಟಿಸಲು ಬಂದ ದೊಡ್ಡ ಮನುಷ್ಯರೊಬ್ಬರು ಬೂಟಿನ ದಾರ ಬಿಚ್ಚಲು ಬಗ್ಗಿದರು. ಗಂಟು ಬಿಗಿದುಕೊಂಡು ಬಿಚ್ಚಲಿಲ್ಲ. ದೊಡ್ಡತಾಯಮ್ಮ ಸೊಂಟಕ್ಕೆ ಕೈಯಿಟ್ಟು ಕಾಯುತ್ತ ನಿಂತಳು. ಕೊನೆಗೆ ಆ ಮಹನೀಯರು ಕೆಳಗೆ, ನನ್ನದೊಂದು ಪ್ಲಾಸ್ಟಿಕ್ ಕುರ್ಚಿ ಹತ್ತಿ ಭಾಷಣ ಮಾಡಿದರು. ದೇಶದ ಭವಿಷ್ಯದ ಬಗ್ಗೆ ಮಾತಾಡಿದರಂತೆ. ನನಗೆ ಕುರ್ಚಿಯ ಭವಿಷ್ಯದ್ದೇ ಚಿಂತೆ.

ಆವತ್ತು ಕಾಲೆಳೆಯೋಣ ಎಂದು ಕೇಳಿದೆ: "ದೊಡ್ಡತಾಯಮ್ನೋರೆ, ಬಂಗಲೆಯಲ್ಲಿ ದೊರೆಗಳು ಬೂಟು ಹಾಕಿಕೊಂಡು ಓಡಾಡಿದ ಹಲಗೆ ಅಲ್ಲವೆ ಇದು? ಆವಾಗಿಲ್ಲದ ಮಡಿ ಈವಾಗೆಲ್ಲಿಂದ ಬಂತು?"

"ಅದು ಪೂಜೆಗೆ ಮುಂಚೆ. ಮದ್ವೆಗೆ ಮುಂಚೆ ನೀವೇನ್ ಮಾಡ್ಕಂಡಿದ್ರಿ ಅಂತ ನಿಮ್ಮನೆಯೋರು ಯಾವತ್ತಾರ ಕೇಳವ್ರಾ?"

ನಾನು ಕುರ್ಚಿ ಎಣಿಸಲು ಹೋದೆ.

ಇದು ಬರೀ ಭಕ್ತಿ ಎಂದುಕೊಳ್ಳಬೇಡಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಸಂಘದವರು ಹತ್ತಿರದ ಹಲಗೆ ಬಿಟ್ಟು ಬೆಟ್ಟದಪುರಕ್ಕೆ ಬರುತ್ತಿದ್ದುದೇ ಆ ಕಟ್ಟಳೆಗಾಗಿ. ದೇವರ ಪಾತ್ರ ಹೊರುವವರಿಗೆ ಕಾಲ ಕೆಳಗೆ ಏನಿದೆ ಎಂಬ ನಂಬಿಕೆ ಬೇಕು. "ಆ ಮಾತು ಇರಾಗಂಟ ರಂಗ. ಮಾತು ಹೋಯ್ತು ಅಂದ್ರೆ ಬರೀ ಸೌದೆ ಕಣ್ರೀ," ಎನ್ನುತ್ತಿದ್ದಳು.

ಎರಡು ಸಾವಿರದ ಮೂರನೇ ಇಸವಿ ಬೇಸಿಗೆಯ ಮೊದಲಲ್ಲಿ ವಿಮಲಮ್ಮ ಟೀಚರು ನನ್ನ ಅಂಗಡಿಗೆ ಬಂದರು. ಮೈಸೂರಿನ ಕಾನ್ವೆಂಟೊಂದರಲ್ಲಿ ಪಿಯಾನೊ ಕಲಿಸಿ ನಿವೃತ್ತರಾಗಿ, ಹುಣಸೂರಿನ ತಮ್ಮನ ಮನೆಗೆ ಬಂದು ನೆಲೆಸಿದವರು. ಬರುವಾಗ ಬೀರುವಿನಷ್ಟು ದೊಡ್ಡ ಪಿಯಾನೊ ತಂದು ನಡುಮನೆಯಲ್ಲಿ ಇರಿಸಿದ್ದರಿಂದ ತಮ್ಮ ಈಗ ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದ. ಟೀಚರ ಜೊತೆ ಒಬ್ಬಳು ವಿದೇಶಿ ಹೆಣ್ಣುಮಗಳು. ಸ್ಪೇನಿನವಳು, ಹೆಸರು ಪಿಲಾರ್. ನಮ್ಮ ಬೀದಿಯವರು ಅಷ್ಟರಲ್ಲಾಗಲೇ ಪಿಲ್ಲಾರಮ್ಮ ಮಾಡಿಕೊಂಡಿದ್ದರು. ಯೋಗ ಕಲಿಯಲು ಮೈಸೂರಿಗೆ ಬಂದು, ಪಿಯಾನೊ ಹುಡುಕಿಕೊಂಡು ಟೀಚರ ಮನೆ ಸೇರಿದ್ದಳು. ಅವರ ದೇಶದ ಫ್ಲಮೆಂಕೊ ಎಂಬ ಕುಣಿತ ಅವಳದು. ಸಾಮಾನ್ಯವಾಗಿ ಗಿಟಾರ್ ಜೊತೆ ಕುಣಿಯುವುದಂತೆ. ಇಬ್ಬರೂ ಸೇರಿ ಅದನ್ನು ಟೀಚರ ಶಾಸ್ತ್ರೀಯ ಪಿಯಾನೊಗೆ ಹೊಂದಿಸಿಕೊಂಡಿದ್ದರು.

"ಊರಿನವರ ಮುಂದೆ ಒಂದು ಸಂಜೆ ಮಾಡೋಣ ಅಂತ ಇದೆ ಕಣ್ರೀ. ಆದರೆ ಸಿಮೆಂಟು ನೆಲ ಆಗಲ್ಲ. ಮಂಡಿ ಹೋಗತ್ತೆ, ಸದ್ದೂ ಬರಲ್ಲ. ಒಳ್ಳೇ ಮರದ ಹಲಗೆ ಯಾರ ಹತ್ತಿರ ಇದೆ?" ಎಂದರು ಟೀಚರು.

ನನಗೆ ಗೊತ್ತಿದ್ದದ್ದು ಒಂದೇ ಹೆಸರು. ಬೆಟ್ಟದಪುರಕ್ಕೆ ಕರೆದುಕೊಂಡು ಹೋದೆ. ಪಿಲಾರ್ ಯಾರನ್ನೂ ಮಾತಾಡಿಸದೆ ನೇರ ಕೊಟ್ಟಿಗೆಗೆ ಹೋಗಿ, ಒಂದು ಹಲಗೆಯನ್ನು ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ ನಕ್ಕಳು. ದೊಡ್ಡತಾಯಮ್ಮ ಅಷ್ಟಕ್ಕೇ ಸೋತಳು. ನಾನು ಬೆಲೆ ಕೇಳಲು ಹೋದಾಗ ಹಲಗೆಯ ಉದ್ದಗಲ ಅಳೆದಿದ್ದೆ, ತಟ್ಟಿ ನೋಡಿರಲಿಲ್ಲ.

"ಏನ್ ಕುಣಿತಾಳೆ ಈ ಮಗ?"

"ಅವರ ದೇಶದ ಕುಣಿತ. ಎಲ್ಲಾ ಕಾಲಲ್ಲೇ," ಎಂದರು ಟೀಚರು.

"ಇನ್ನೇನು ತಲೇಲಿ ಕುಣಿದಾರಾ? ಬತ್ತೀನಿ ಬುಡಿ."

ಅಲ್ಲಿಗೆ ಮಾತು ಮುಗಿಯಿತು. ಆಗಬೇಕಾದ ಎಡವಟ್ಟು ಅಲ್ಲೇ ಆಗಿಹೋಗಿತ್ತು, ನಮಗೆ ಗೊತ್ತಿರಲಿಲ್ಲ. ನಮ್ಮ ಕಡೆ ಕುಣಿತ ಎಂದರೆ ಬರಿಗಾಲು. ಕಾಲಲ್ಲಿ ಏನಿರುತ್ತೆ ಎಂದು ಯಾರು ಕೇಳುತ್ತಾರೆ? ಅವರ ಕಡೆ ಫ್ಲಮೆಂಕೊ ಎಂದರೆ ಜೋಡು ಇದ್ದದ್ದೇ. ಅದನ್ನು ಯಾರು ಹೇಳುತ್ತಾರೆ?

ತಂಬಾಕು ವ್ಯಾಪಾರಿ ಲಿಂಗರಾಜು, ಹರಾಜು ಮುಗಿದು ಖಾಲಿ ಬಿದ್ದಿದ್ದ ತನ್ನ ಗೋಡೌನು ಬಿಟ್ಟುಕೊಟ್ಟ. ಪಿಯಾನೊ ಹೊರಲು ಅವನದೇ ಹಮಾಲಿಗಳು. ಜೀವಮಾನವಿಡೀ ಮೂಟೆ ಹೊತ್ತವರು, ಹೆಜ್ಜೆಗೊಮ್ಮೆ ನರಳುವ ಮೂಟೆ ಹೊತ್ತವರಲ್ಲ. ಅದು ಹೊಟ್ಟೆಯೊಳಗಿಂದ ಗುಂಯ್ ಎಂದಾಗಲೆಲ್ಲ ಹೆದರಿ ಕೆಳಗಿಳಿಸುತ್ತಿದ್ದರು. ಟೀಚರು ಕೊಡೆ ಹಿಡಿದು ಪಕ್ಕದಲ್ಲಿ ಬೈಯುತ್ತ ನಡೆದರು. ಕೊಡೆ ಪಿಯಾನೊಗೆ, ಟೀಚರು ಬಿಸಿಲಲ್ಲಿ.

ಆಟದ ದಿನ ಮಧ್ಯಾಹ್ನದ ಹೊತ್ತಿಗೆ ಹಲಗೆ ಕೂತು, ಬೆಣೆ ಬಿಗಿದು, ಪೂಜೆಯೂ ಆಗಿತ್ತು. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಿಂದ ಹುಚ್ಚಯ್ಯ ಟ್ರಾಕ್ಟರ್ ತಂದು ಕೂತಿದ್ದ. ಅಲ್ಲಿಯ ನಾಟಕ ಸಂಘಕ್ಕೆ ಯಜಮಾನ ಅವನೇ, ಗದೆ ಹೊರುವ ಪಾತ್ರವೂ ಅವನದೇ. ಅವರ ಊರಿನ ನಾಟಕ ಮುಂದಿನ ವಾರ. ಇಲ್ಲಿ ಮುಗಿದ ಮರುದಿನ ಬೆಳಿಗ್ಗೆ ಹಲಗೆ ಹೇರಿಕೊಂಡು ಹೋಗುವುದೆಂದು ಮಾತಾಗಿತ್ತು.

ಪಿಲಾರ್ ತನ್ನ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಕೆಂಪು ಜೋಡು. ಎತ್ತರದ ಹಿಮ್ಮಡಿ. ಅಡಿಗೆ, ತುದಿಯಲ್ಲೂ ಹಿಮ್ಮಡಿಯಲ್ಲೂ, ಒತ್ತೊತ್ತಾಗಿ ಹೊಡೆದ ಸಣ್ಣ ಮೊಳೆಗಳು.

"ಅದ್ಯಾತಕ್ಕವ್ವ?" ಎಂದಳು ದೊಡ್ಡತಾಯಮ್ಮ.

"ಕುಣಿಯೋಕೆ," ಎಂದರು ಟೀಚರು.

ಮೊದಲು ಬಾಯಿ ಬಿಟ್ಟವನು ಹುಚ್ಚಯ್ಯ.

"ದೊಡ್ಡತಾಯಕ್ಕ, ಆ ಮೊಳೆ ಜೋಡು ತುಳಿದ ಹಲಗೆ ಮ್ಯಾಲೆ ನಾವು ದೇವ್ರ ಪಾತ್ರ ಕಟ್ಟಾದಾ? ನೋಡಕ್ಕ, ನಾನೇನೋ ಸುಮ್ಕಿರ್ತೀನಿ. ನಮ್ಮೂರೋರು ಸುಮ್ಕಿರಾಕಿಲ್ಲ. ನಮ್ಮೂರು ಬುಟ್ರೆ ಇನ್ನುಳಿದೂರೋರೂ ಬುಡ್ತಾರೆ."

ಅವನು ಹೆದರಿಸುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದ. ಅದು ಆಕೆಗೂ ಗೊತ್ತು. ಕುಳ್ಳಯ್ಯ ಬಿಟ್ಟುಹೋದದ್ದು ಹಲಗೆಗಿಂತ ಹೆಚ್ಚಾಗಿ ಆ ಕಟ್ಟಳೆಯನ್ನು.

"ಮೆಟ್ಟು ಬುಟ್ಟು ಕುಣಿಯವ್ವ. ನಮ್ಮಲ್ಲಿ ಎಲ್ರೂ ಅಂಗೇ ಕುಣಿಯಾದು," ಎಂದಳು, ಸಾಧ್ಯವಾದಷ್ಟು ಮೆತ್ತಗೆ.

ಟೀಚರು ಅನುವಾದಿಸಿದರು. ಪಿಲಾರ್ ಎದುರಾಡದೆ ಬರಿಗಾಲಲ್ಲಿ ಹತ್ತಿದಳು. ಟೀಚರು ಪಿಯಾನೊ ಶುರು ಮಾಡಿದರು. ಅವಳು ಕಾಲು ಬಡಿದಳು. ಒದ್ದೆ ಬಟ್ಟೆ ಹಿಂಡಿ ಕಲ್ಲಿನ ಮೇಲೆ ಇಟ್ಟಂತೆ ಒಂದು ಸದ್ದು. ಮತ್ತೆ ಬಡಿದಳು. ಮತ್ತೂ ಒದ್ದೆ ಬಟ್ಟೆಯೇ. ಟೀಚರು ಕೈ ಎತ್ತಿಬಿಟ್ಟರು.

"ಇವಳ ಕಾಲು ಮಾತಾಡದಿದ್ದರೆ ನಾನು ಯಾರ ಹತ್ತಿರ ಮಾತಾಡಲಿ?"

ಪಿಲಾರ್ ಇಳಿದು ಬಂದಳು. "ಪರವಾಗಿಲ್ಲ ಅಮ್ಮ," ಎಂದಳು, ತನಗೆ ಬರುತ್ತಿದ್ದ ನಾಲ್ಕು ಕನ್ನಡ ಮಾತಿನಲ್ಲಿ. ಟೀಚರೊಬ್ಬರೇ ನುಡಿಸಲಿ, ತಾನು ಕೂತು ಕೇಳುತ್ತೇನೆ ಎಂದು ಕೈಸನ್ನೆ ಮಾಡಿದಳು. ಆಮೇಲೆ ಜೋಡುಗಳನ್ನು ಒಂದೊಂದಾಗಿ ಒರೆಸಿ, ಅಡಿ ಮೇಲಾಗಿ ಜೋಡಿಸಿ, ಅದೇ ಬಟ್ಟೆಯಲ್ಲಿ ಮಡಿಸಿ ಗಂಟು ಹಾಕತೊಡಗಿದಳು. ದೊಡ್ಡತಾಯಮ್ಮನ ಕಣ್ಣು ಆ ಗಂಟಿನ ಮೇಲೆ ನಿಂತಿತು.

"ತಾ ಇಲ್ಲಿ ಅದ."

ಕೈಗೆ ತೆಗೆದುಕೊಂಡಳು. ಮಗುಚಿ ಅಡಿ ನೋಡಿದಳು. ಮೊಳೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ಹಿಮ್ಮಡಿಯ ಸಂದಿಯನ್ನು ಉಗುರಿನಿಂದ ಕೆದಕಿ, ಉಗುರನ್ನು ಬೆಳಕಿಗೆ ಹಿಡಿದಳು. ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸಿದಳು. ನಾನೂ ಜೀವನದಲ್ಲಿ ಬೇಕಾದಷ್ಟು ಮಾಲು ಪರೀಕ್ಷೆ ಮಾಡಿದ್ದೇನೆ. ಇಷ್ಟು ನಿಧಾನವಾಗಿ ಯಾವುದನ್ನೂ ನೋಡಿಲ್ಲ.

"ಇದ ಹಾಕ್ಕಂಡು ಸಂತೆಗೆ ಹೋಯ್ತೀಯ?"

ಟೀಚರು ಕೇಳಿ ಹೇಳಿದರು: "ಇಲ್ವಂತೆ."

"ಬೀದಿಗೆ?"

"ಇಲ್ವಂತೆ. ಮರದ ನೆಲ ಬಿಟ್ಟು ಎಲ್ಲೂ ಇಡಲ್ವಂತೆ."

"ಕಕ್ಕಸಿಗೆ?"

ಟೀಚರು ಇದನ್ನು ಹೇಗೆ ಕೇಳಿದರೋ ಗೊತ್ತಿಲ್ಲ. ಪಿಲಾರ್ ಗಾಬರಿಯಿಂದ ತಲೆಯಾಡಿಸಿದಳು.

"ಮಣ್ಣೇ ಮುಟ್ಟಿಲ್ವಲ್ಲ ಇದು," ಎಂದಳು ದೊಡ್ಡತಾಯಮ್ಮ, ನಮಗೆ ಹೇಳಿದ್ದಲ್ಲ, ತನಗೇ. "ಮಣ್ಣು ಮುಟ್ಟದ್ದು ಮೆಟ್ಟು ಎಂಗಾದದು? ಮೆಟ್ಟು ಅಂದ್ರೆ ದಾರಿ ಹೊಲಸ ತರಾದು. ಇದು ಹಲಗೆ ಬುಟ್ಟು ಬೇರೆ ಏನ್ನೂ ಕಂಡೇ ಇಲ್ಲ. ಇದು ಗೆಜ್ಜೆ ಕಣ್ರಪ್ಪ. ಕಾಲ ಮ್ಯಾಲೆ ಕಟ್ಟಾದ್ನ ಕಾಲ ಕೆಳೀಕೆ ಕಟ್ಟವ್ರೆ, ಅಷ್ಟೇಯ."

"ಅಕ್ಕ, ಚರ್ಮ ಅಲ್ವಾ ಅದು?" ಎಂದ ಹುಚ್ಚಯ್ಯ.

"ನಿಮ್ಮ ಮೇಷ್ಟ್ರ ಪಕ್ಕ ಕೂತು ತಬಲ ಬಡೀತಾನಲ್ಲ, ಅದೇನ್ಲಾ, ಹಲಸಿನ ಸಿಪ್ಪೆನಾ?"

ಹಮಾಲಿಗಳು ಗೊಳ್ಳೆಂದು ನಕ್ಕರು. ಹುಚ್ಚಯ್ಯ ನಗಲಿಲ್ಲ. "ನಮ್ಮೂರೋರು ಕೇಳುದ್ರೆ ಏನ್ ಹೇಳ್ಲಿ?"

"ಕಂಡದ್ದ ಹೇಳು. ಮುಚ್ಚಿಟ್ಟು ನಾನು ಹಲಗೆ ಕೊಡಾಕಿಲ್ಲ. ಬ್ಯಾಡ ಅನ್ಸುದ್ರೆ ನಾಳೀಕೆ ಟ್ರಾಕ್ಟ್ರ ಬರಿದೇ ಹೊಡ್ಕಂಡ್ ಹೋಗು."

ಅಂದದ್ದು ಗಟ್ಟಿಯಾಗಿಯೇ. ಆದರೆ ಜೋಡುಗಳನ್ನು ಮೊರದಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿ ಕರ್ಪೂರಕ್ಕೆ ಕಡ್ಡಿ ಗೀರುವಾಗ ಕಡ್ಡಿ ಆರಿತು. ಇನ್ನೊಂದು ಗೀರಿದಳು, ಅದೂ ಆರಿತು. ಗೋಡೌನಿನಲ್ಲಿ ಗಾಳಿ ಇರಲಿಲ್ಲ. ಹುಚ್ಚಯ್ಯ ಎದ್ದು ಹೋಗಿ ಬೆಂಕಿಪೊಟ್ಟಣ ತೆಗೆದುಕೊಂಡು ತಾನೇ ಕಡ್ಡಿ ಗೀರಿ ಹಿಡಿದ. ಆಕೆ ಕರ್ಪೂರ ಹಚ್ಚಿದಳು. ಪಿಲಾರ್ ರಂಗದ ಅಂಚಿನ ಮೇಲೆ ಕೂತೇ ಜೋಡು ತೊಡಬೇಕು, ಅಲ್ಲೇ ಕೂತು ಬಿಚ್ಚಬೇಕು, ನೆಲಕ್ಕೆ ತಾಗಿಸಬಾರದು ಎಂದು ತಾಕೀತಾಯಿತು. ಪಿಲಾರ್ ಅದಕ್ಕೆ ಕೈ ಮುಗಿದಳು.

ಸಂಜೆ ಗೋಡೌನು ತುಂಬಿತು. ಜನ ನಾಟಕದ ಅಂದಾಜಿನಲ್ಲೇ ಬಂದಿದ್ದರು. "ಕತೆ ಯಾವ್ದಂತಣ್ಣ?" "ರಾಜ ಯಾವಾಗ ಬತ್ತಾನೆ?" ಎಂದು ಕೇಳಿಕೊಳ್ಳುತ್ತಿದ್ದರು. ನಾನು ಎಂದಿನಂತೆ ಹಿಂದೆ, ಕುರ್ಚಿ ಕಾಯುತ್ತ. ಟೀಚರು ಮೂಗಿನ ಮೇಲೆ ಕನ್ನಡಕ ಏರಿಸಿ ಮೊದಲು ಒಬ್ಬರೇ ನುಡಿಸಿದರು. ಜನ ಮರ್ಯಾದೆಗೆ ಸುಮ್ಮನೆ ಕೂತಿದ್ದರು. ಆಮೇಲೆ ಪಿಲಾರ್ ಎದ್ದು ನಿಂತು, ಎರಡು ಕೈ ಮೇಲೆತ್ತಿ, ಒಂದೇ ಒಂದು ಸಲ ಹಿಮ್ಮಡಿ ಕುಟ್ಟಿದಳು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಲಿಂಗರಾಜು ಕುರ್ಚಿ ಸಮೇತ ಹಾರಿದ.

ಅಲ್ಲಿಂದ ಒಣ ಹುರುಳಿಯನ್ನು ಮೊರದಲ್ಲಿ ಕೇರುವ ಸದ್ದು, ನೋಡನೋಡುತ್ತ ಹೆಂಚಿನ ಮೇಲೆ ಆಲಿಕಲ್ಲು. ತೇಗ ಹಾಡುತ್ತಿತ್ತು. ಒಂದು ಕುಣಿತ ಮುಗಿಯುತ್ತಲೇ ನಮ್ಮ ಜನ ಅವರಿಗೆ ಗೊತ್ತಿದ್ದ ಮರ್ಯಾದೆ ಮಾಡಿದರು: "ಒನ್ಸ್ ಮೋರ್!" ನಾಟಕದಲ್ಲಿ ಹಾಡು ಹಿಡಿಸಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಮತ್ತೆ ಹಾಡಿ ಸಾಯಬೇಕು, ಇಲ್ಲವಾದರೆ ಬಿಡುವುದಿಲ್ಲ. ಟೀಚರಿಗೆ ಸಿಟ್ಟು ಬಂತು. "ಇದಕ್ಕೆಲ್ಲ ಒನ್ಸ್ ಮೋರ್ ಇರಲ್ಲ ಕಣ್ರೀ, ಸುಮ್ಮನೆ ಕೂತ್ಕೊಳ್ಳಿ!" ಎಂದು ಮೇಷ್ಟ್ರಗಿರಿ ಮಾಡಿದರು. ಯಾರೂ ಕೂರಲಿಲ್ಲ. ಪಿಲಾರ್ ನಗುತ್ತ ಬಗ್ಗಿ, ತಮ್ಮೂರಲ್ಲೂ ಜನ ಹೀಗೇ ಕೂಗುತ್ತಾರೆ ಎಂದು ಟೀಚರ ಕಿವಿಯಲ್ಲಿ ಹೇಳಿದಳಂತೆ. ಮತ್ತೆ ಕುಣಿದಳು, ಮೊದಲಿಗಿಂತ ಜೋರಾಗಿ.

ಅದೇ ಹೆಚ್ಚಾಯಿತು. ದೊಡ್ಡತಾಯಮ್ಮ ಯಾವಾಗಲೂ ನಿಲ್ಲುವ ಜಾಗ ರಂಗದ ಎಡ ಮೂಲೆ, ಹಲಗೆಯ ಮೇಲೆ ಒಂದು ಅಂಗೈ ಊರಿಕೊಂಡು. ಆಕೆ ತಟ್ಟನೆ ತಿರುಗಿ ನನ್ನತ್ತ ಕೈ ಬೀಸಿದಳು. ಓಡಿದೆ.

"ನಡುಮದ್ಯದ ಬೆಣೆ ಸಡ್ಲ ಆಯ್ತಾ ಅದೆ. ನಾನು ಕೆಳೀಕೆ ಹೋಯ್ತೀನಿ."

"ಆಟ ನಿಲ್ಲಿಸೋಣ."

"ಯಾತಕ್ಕೆ ನಿಲ್ಸೀರಿ? ಆ ಮಗಿನ ಜೀವ ಇವತ್ತು ಕುಣೀತಾ ಅದೆ. ನೀವು ಆ ಕುರ್ಚಿ ಕಾಯಾದ್ನ ಬುಟ್ಟು ಇಲ್ಲಿ ಕುಂತ್ಕಂಡು ನೋಡಿ. ಎಲ್ಲಾನೂ ನೋಡಿ. ಆಮ್ಯಾಕೆ ನಂಗೆ ಹೇಳ್ಬೇಕು ನೀವು."

ಸೆರಗು ಬಿಗಿದು, ಬೆಣೆ ಬಡಿಯುವ ಮರದ ಕೊಡತಿ ಹಿಡಿದು, ರಂಗದ ಅಡಿಗೆ ನುಸುಳಿದಳು. ನಾನು ಮುಂದಿನ ಸಾಲಿನಲ್ಲಿ ಕೂತೆ. ನನ್ನ ಕುರ್ಚಿಯ ಮೇಲೆ ನಾನೇ ಕೂತದ್ದು ಅದೇ ಮೊದಲು, ಅಷ್ಟೇನೂ ಹಾಯಾಗಿರಲಿಲ್ಲ.

ಮೊದಲು ನನಗೆ ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ, ಇದು ನನಗೆ ಗೊತ್ತಿರುವ ವ್ಯವಹಾರವೇ ಅನ್ನಿಸಿತು. ಟೀಚರು ಪಿಯಾನೊದಲ್ಲಿ ಒಂದು ಬೆಲೆ ಕೇಳುತ್ತಾರೆ. ಅವಳು ಕಾಲಲ್ಲಿ ಆಗಲ್ಲ ಎನ್ನುತ್ತಾಳೆ. ಇವರು ಇಳಿಯುತ್ತಾರೆ, ಅವಳು ಬೆನ್ನು ತಿರುಗಿಸಿ ಅಂಗಡಿ ಬಿಟ್ಟು ಹೊರಟೇ ಹೋಗುವವಳಂತೆ ನಡೆಯುತ್ತಾಳೆ, ಕತ್ತು ಹೊರಳಿಸಿ ನೋಡಿ ಮತ್ತೆ ಬರುತ್ತಾಳೆ. ಪಿಯಾನೊ ಮೆತ್ತಗಾದಾಗ ಅಡಿಯಲ್ಲಿ ನಿಶ್ಶಬ್ದ. ಕಾಲು ಜೋರಾದಾಗ ಮಾತ್ರ, ಆ ಸದ್ದಿನ ಮರೆಯಲ್ಲಿ, ಕೆಳಗಿಂದ ಕೊಡತಿ ಏಟು. ಕಾಲು, ಏಟು. ಕಾಲು, ಏಟು. ಪಿಲಾರಳಿಗೆ ಗೊತ್ತಾಯಿತು. ಒಂದು ಕ್ಷಣ ನಿಂತು ಕಾಲಡಿ ನೋಡಿದಳು. ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ಕಾದಳು. ಕೆಳಗಿಂದ ಠಪ್ ಎಂದು ಉತ್ತರ ಬಂತು. ಟೀಚರು ಕನ್ನಡಕದ ಮೇಲಿಂದ ನೋಡಿದರೇ ಹೊರತು ಕೈ ನಿಲ್ಲಿಸಲಿಲ್ಲ. ಮೂವರೂ ಕೂಡಿ ಆಟ ಮುಗಿಸಿದರು. ಜನ ಅದೂ ಕುಣಿತದ ಪಾಲೇ ಎಂದುಕೊಂಡು ಶಿಳ್ಳೆ ಹೊಡೆದರು.

ಪಿಲಾರ್ ಅಂಚಿನ ಮೇಲೆ ಕೂತು ಜೋಡು ಬಿಚ್ಚಿ ಮೊರದಲ್ಲಿಟ್ಟು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ, ಮಧ್ಯಾಹ್ನ ನೋಡಿಕೊಂಡದ್ದು. ದೊಡ್ಡತಾಯಮ್ಮ ತಲೆ ತುಂಬ ಧೂಳು, ಜೇಡರ ಬಲೆ ಹೊತ್ತು ಹೊರಗೆ ತೆವಳಿದಳು. ಮೊದಲು ನನ್ನನ್ನೇ ಹುಡುಕಿದಳು.

"ಹೇಳಿ, ಎಂಗಿತ್ತು?"

"ಚೆನ್ನಾಗಿತ್ತು."

"ಚೆಂದಾಗಿತ್ತು ಅನ್ನಾದು ನಂಗೂ ಗೊತ್ತು, ಬೆನ್ನ ಮ್ಯಾಲೇ ಕುಣಿದ್ಲು. ಕೈ ಎಂಗಿತ್ತು? ಮಕ ಎಂಗಿತ್ತು? ಕಡೇಲಿ ಜನ ಕೂಗುದ್ರಲ್ಲ, ಅವಾಗ ಏನ್ ಮಾಡುದ್ಲು?"

ಹೇಳಲು ಹೋದೆ. ಕೈ ಮೇಲಿತ್ತು, ಲಂಗ ಕಪ್ಪಗಿತ್ತು, ತಿರುಗಿದಳು, ನಿಂತಳು. ನನಗೇ ನಾಚಿಕೆಯಾಗುವಷ್ಟು ಬರಡಾಗಿ ಬಂತು.

"ಬುಡಿ ಬುಡಿ. ಕುರ್ಚಿ ಲೆಕ್ಕ ಒಪ್ಸ್ದಂಗೆ ಒಪ್ಪುಸ್ತಾ ಇದ್ದೀರಿ. ಸರ್ಯಾಗಿ ಗ್ಯಾಪಿಸ್ಕಂಡು ಇನ್ನೊಂದಿನ ಹೇಳಿ."

ರಾತ್ರಿ ನೆಂಟರ ಮನೆಗೆ ಟ್ರಾಕ್ಟರ್ ಹೊಡೆದುಕೊಂಡು ಹೋಗಿದ್ದ ಹುಚ್ಚಯ್ಯ ಬೆಳಿಗ್ಗೆ ಬರುತ್ತಾನೋ ಇಲ್ಲವೋ ಎಂದು ಆಕೆ ಗೋಡೌನಿನ ಬಾಗಿಲಲ್ಲೇ ಕಾದಿದ್ದಳು. ಎಲೆಅಡಿಕೆ ಕೂಡ ಹಾಕಿರಲಿಲ್ಲ. ಟ್ರಾಕ್ಟರ್ ಬಂತು. ಹುಚ್ಚಯ್ಯ ಇಳಿದು, ಹಲಗೆ ಎತ್ತುವ ಮುಂಚೆ ತನ್ನ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟ. ಆಕೆ ಮುಖ ತಿರುಗಿಸಿ ಎಲೆಗೆ ಸುಣ್ಣ ಸವರತೊಡಗಿದಳು. ಸವರುವುದು ಬಹಳ ಹೊತ್ತು ಮುಗಿಯಲಿಲ್ಲ.

ಹಾಗೆಂದು ಎಲ್ಲರೂ ಹುಚ್ಚಯ್ಯನಾಗಲಿಲ್ಲ. ಪಿರಿಯಾಪಟ್ಟಣದ ಕಡೆಯ ಒಂದೆರಡು ಊರಿನವರು ಆ ಬೇಸಿಗೆ ಬೇರೆ ಕಡೆ ಹಲಗೆ ಹುಡುಕಿಕೊಂಡರು. ಹೊಸ ಅಗ್ರಹಾರದವರು ಬಿಡಲಿಲ್ಲ. ಅವರ ಊರಲ್ಲಿ ಹುಚ್ಚಯ್ಯ ತಾನು ಕಂಡದ್ದನ್ನು ಮೊಳೆ ಎಣಿಸಿ ಹೇಳಿದನಂತೆ. ಪಿಲಾರ್ ತನ್ನ ದೇಶಕ್ಕೆ ಹೋದಳು. ಟೀಚರ ಪಿಯಾನೊ ಮತ್ತೆ ನಡುಮನೆ ಸೇರಿ, ತಮ್ಮ ಮತ್ತೆ ಹಿತ್ತಲ ಬಾಗಿಲು ಹಿಡಿದ.

ದೊಡ್ಡತಾಯಮ್ಮನಿಗೆ ಈಗ ವಯಸ್ಸಾಗಿದೆ. ಹಲಗೆಯನ್ನು ಅಳಿಯ ಚಿಕ್ಕಮಾದು ನೋಡಿಕೊಳ್ಳುತ್ತಾನೆ. ಕಟ್ಟಳೆಯನ್ನು ಇನ್ನೂ ಆಕೆಯೇ. ನಾನು ಬೆಟ್ಟದಪುರದ ಕಡೆ ಹೋದಾಗಲೆಲ್ಲ ಜಗುಲಿಯ ಮೇಲೆ ಕೂರಿಸಿ, ಟೀ ಕೊಟ್ಟು, "ಗ್ಯಾಪ್ನ ಆಯ್ತಾ ಸಾವ್ಕಾರ್ರೆ?" ಎನ್ನುತ್ತಾಳೆ. ಪ್ರತಿ ಸಲವೂ ಸ್ವಲ್ಪ ಹೇಳುತ್ತೇನೆ. ಪ್ರತಿ ಸಲವೂ ತಲೆಯಾಡಿಸಿ ಇನ್ನೂ ಬಂದಿಲ್ಲ ಬುಡಿ ಎನ್ನುತ್ತಾಳೆ. ಊರಿನವರೆಲ್ಲ ಕೂತು ನೋಡಿದ ಆ ಕಡೆಯ ಕುಣಿತವನ್ನು ನೋಡದೆ ಹೋದವಳು ಆಕೆಯೊಬ್ಬಳೇ, ಆಕೆಯ ಪಾಲಿನದನ್ನು ನೋಡಿದವನು ನಾನು. ಅದನ್ನು ಆಕೆಗೆ ಸರಿಯಾಗಿ ಹೇಳುವುದು ನನ್ನ ಮೇಲೆ ಇನ್ನೂ ಬಾಕಿ ಇದೆ.